ಸೂಪರ್ ಕಂಪ್ಯೂಟರ್ ಕೊಳ್ಳೋದಾ, ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿಯೋದಾ?

ದೊಡ್ಡ ಲೆಕ್ಕಗಳಿಗೆ ಸಂಸ್ಥೆಯೊಂದು ಸ್ವಂತ ಸೂಪರ್ ಕಂಪ್ಯೂಟರ್ ಕೊಳ್ಳಬೇಕೋ, ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರನ್ನು, ಬಾಡಿಗೆಗೆ ಹಿಡಿಯಬೇಕೋ ಅನ್ನುವ ಪಾಠ ಪರೀಕ್ಷೆಗೆ ಬಂದರೆ ಎಲ್ಲರೂ ಮೊದಲು ಬಾಯಿಪಾಠ ಮಾಡುವುದು ಟಿಒಇ (ಟೆಕ್ನಾಲಜಿ, ಆರ್ಗನೈಸೇಶನ್, ಎನ್ವಿರಾನ್‌ಮೆಂಟ್) ಚೌಕಟ್ಟನ್ನು. ಟೊರ್ನಾಟ್ಸ್ಕಿ ಮತ್ತು ಫ್ಲೈಶರ್ 1990ರಲ್ಲಿ ಕೊಟ್ಟದ್ದು. ಒಂದು ಸಂಸ್ಥೆ ಹೊಸದನ್ನು ಒಪ್ಪುವುದು ಬಿಡುವುದು ತಂತ್ರಜ್ಞಾನ, ಸಂಸ್ಥೆಯ ಒಳಗಿನ ಸ್ಥಿತಿ, ಹೊರಗಿನ ಪರಿಸರ ಈ ಮೂರರ ಮೇಲಿದೆ ಅನ್ನುತ್ತದೆ. ಸರಿ, ಆದರೆ ಇಷ್ಟೇ ಬರೆದರೆ ಉತ್ತರ ಒಣಗಿರುತ್ತದೆ.

ನನಗೆ ಇದು ತಲೆಗೆ ಹತ್ತಿದ್ದು ನಮ್ಮ ಗಂಗಾವತಿ ಕಡೆಯ ಭತ್ತದ ಕೊಯ್ಲು ನೋಡಿ. ನಾಲ್ಕು ಎಕರೆ ಇರುವವರು ಕೊಯ್ಲಿನ ಮಷಿನ್ ಕೊಳ್ಳಲ್ಲ, ಗಂಟೆ ಲೆಕ್ಕದಲ್ಲಿ ಕರೆಸುತ್ತಾರೆ. ಊರೂರು ಸುತ್ತಿ ಸೀಸನ್ ಪೂರ್ತಿ ಓಡಿಸುವವರು ಕೊಳ್ಳುತ್ತಾರೆ. ಇಲ್ಲೂ ಅದೇ ಲೆಕ್ಕ. ಸ್ವಂತ ಕ್ಲಸ್ಟರ್‌ಗೆ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ಮಷಿನ್, ಕರೆಂಟು, ನೋಡಿಕೊಳ್ಳುವವರ ಸಂಬಳ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಬೇಕಾದ ಎಸಿ ಎಲ್ಲ ಸೇರಿ ವರ್ಷಕ್ಕೆ 12 ಲಕ್ಷ ಅಂದುಕೊಳ್ಳಿ (ಸುಮ್ನೆ ಉದಾಹರಣೆಗೆ). ಅಷ್ಟೇ ಶಕ್ತಿ ಕ್ಲೌಡ್‌ನಲ್ಲಿ ಗಂಟೆಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಭಾಗಿಸಿದರೆ 3000 ಗಂಟೆ. ವರ್ಷಕ್ಕೆ ಇರುವುದು 8760 ಗಂಟೆ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೊತ್ತು ಓಡಿಸುವವರಿಗೆ ಬಾಡಿಗೆ ದುಬಾರಿ.

ಹಣ ಸರಿಹೋದರೂ ಕೆಲಸದ ಜಾತಿ ನೋಡಬೇಕು. ಸಾವಿರ ಚಿತ್ರಗಳನ್ನು ಬೇರೆ ಬೇರೆಯಾಗಿ ಸಂಸ್ಕರಿಸುವುದು ಕ್ಲೌಡ್‌ಗೆ ಸಲೀಸು, ಒಂದಕ್ಕೊಂದು ಕಾಯಲ್ಲ. ಹವಾಮಾನ ಮಾದರಿ ಹಾಗಲ್ಲ, ಪ್ರತಿ ಹೆಜ್ಜೆಗೂ ಪಕ್ಕದ ತುಂಡಿನ ಲೆಕ್ಕ ಬರುವ ತನಕ ಪ್ರೊಸೆಸರ್ ಸುಮ್ನೆ ಕೂತಿರಬೇಕು, ಹಾಗಾಗಿ ಇನ್ಫಿನಿಬ್ಯಾಂಡ್‌ನಂತಹ ವೇಗದ ಜಾಲ ಇಲ್ಲದಿದ್ದರೆ ಎಷ್ಟು ಮಷಿನ್ ಸೇರಿಸಿದರೂ ದಂಡ.

ಅಗ್ಗ ಅಂತ ಅಮೆಜಾನ್ ಕ್ಲೌಡ್‌ನ ಸ್ಪಾಟ್ ಮಷಿನ್ (ಖಾಲಿ ಇದ್ದಾಗ ಕಡಿಮೆ ದರಕ್ಕೆ ಕೊಡುವುದು) ಹಿಡಿದರೆ ಎರಡೇ ನಿಮಿಷದ ಸೂಚನೆ ಕೊಟ್ಟು ವಾಪಸ್ ತಗೊಳ್ಳಬಹುದು. ಅರ್ಧ ಗದ್ದೆ ಕೊಯ್ದು ಪಕ್ಕದ ಊರಿಗೆ ಹೋದ ಹಾಗೆ! ಅದಕ್ಕೇ ಚೆಕ್‌ಪಾಯಿಂಟ್ ಬೇಕು, ನಡುನಡುವೆ ಫಲಿತಾಂಶ ಉಳಿಸಿಕೊಳ್ಳುವುದು. ಕ್ಲೌಡ್‌ನಿಂದ ಡೇಟಾ ಹೊರಗೆ ಇಳಿಸಿಕೊಳ್ಳುವಾಗಲೂ ಬಿಲ್ ಬರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ.

ಸಂಸ್ಥೆಯ ಒಳಗೆ ನೋಡಿದರೆ, ಒಮ್ಮೆ ಅನುದಾನ ಬಂದಾಗ ಮಷಿನ್ ಕೊಳ್ಳುವುದು ಸುಲಭ, ತಿಂಗಳಿಗೊಂದು ತರಹ ಬರುವ ಬಿಲ್ಲಿಗೆ ಮಂಜೂರಾತಿ ಪಡೆಯುವುದು ಕಷ್ಟ. ನನ್ನ ಪ್ರಕಾರ ತಂತ್ರಜ್ಞಾನಕ್ಕಿಂತ ಇದೇ ಜಾಸ್ತಿ ತಡೆಯುತ್ತದೆ. ಹೊರಗಿನ ಪರಿಸರ ಅಂದರೆ 2023ರ ಡೇಟಾ ರಕ್ಷಣೆ ಕಾಯ್ದೆಯಂಥವು. ಜೊತೆಗೆ 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ (ಸಂಸ್ಥೆಗಳಲ್ಲಿ ಸೂಪರ್ ಕಂಪ್ಯೂಟರ್ ಕೂರಿಸುವ ಸರ್ಕಾರದ ಯೋಜನೆ) ಬರೆಯಿರಿ. ಬೆಂಗಳೂರಿನ ಐಐಎಸ್ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಪರಮ್ ಪ್ರವೇಗ ಅನ್ನುವ ಸೂಪರ್ ಕಂಪ್ಯೂಟರ್ ಅದರದ್ದೇ, 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ). ಅಂಥದ್ದರಲ್ಲಿ ಸಮಯ ಸಿಕ್ಕವರಿಗೆ ಕ್ಲೌಡ್ ಯಾಕೆ ಬೇಕು, ಅಲ್ವಾ?

ಮೇಲಿನ ಲೆಕ್ಕದಲ್ಲಿ 400ರ ಬದಲು 240 ಹಾಕಿ ನೋಡಿ. 5000 ಗಂಟೆ ಬರಬೇಕು.