ಮುರಿದ ಮೂಳೆ ಬೇಗ ಕೂಡುತ್ತದೆ, ಉಳುಕಿದ ಕಾಲು ಯಾಕೆ ತಿಂಗಳುಗಟ್ಟಲೆ ಕಾಡುತ್ತದೆ?

ಪ್ರಶ್ನೆ: ಎರಿಹೊಲದ ಬಿರುಕಿನ್ಯಾಗ ಪಾದ ಸಿಕ್ಕು ಒಳಗಡೆ ಹೊರಳಿತ್ರಿ. ಎಕ್ಸ್‌ರೇದಾಗ ಏನೂ ಇಲ್ಲ ಅಂದ್ರು. ಮೂರು ತಿಂಗಳಾದ್ರೂ ಬಾವು ಪೂರಾ ಇಳಿದಿಲ್ಲ, ನಡಿಯುಮುಂದ ಮತ್ತ ಹೊರಳತೈತಿ. ನನ್ನ ತಮ್ಮಗ ಮಣಿಕಟ್ಟಿನ ಮೂಳೆನೇ ಮುರಿದಿತ್ತು, ಆರು ವಾರದಾಗ ಕೂಡ್ತು. ಹಿಂಗ್ಯಾಕ? (ಗದಗ ತಾಲ್ಲೂಕಿನ ಓದುಗರು)

ಉತ್ತರ: ಎಕ್ಸ್‌ರೇ ಚೆನ್ನಾಗಿ ತೋರಿಸುವುದು ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನು. ನಿಮಗೆ ಪೆಟ್ಟಾಗಿರುವುದು ಬಹುತೇಕ ಲಿಗಮೆಂಟ್‌ಗೆ, ಅಂದರೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ಪಟ್ಟಿಗೆ. ಅದು ಹರಿದಿದ್ದರೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಮೂಳೆ, ಲಿಗಮೆಂಟ್ ಎರಡೂ ಸಂಯೋಜಕ ಅಂಗಾಂಶಗಳೇ. ಸ್ನಾಯುವನ್ನು ಮೂಳೆಗೆ ಜೋಡಿಸುವ ಟೆಂಡನ್, ಕೀಲಿನ ಮೃದ್ವಸ್ಥಿ (ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೆತ್ತನೆ ಪದರ), ಕೊಬ್ಬು, ರಕ್ತವೂ ಇದೇ ಗುಂಪಿಗೆ ಸೇರುತ್ತವೆ. ಕೊಬ್ಬನ್ನು ಬಿಟ್ಟರೆ ಇವುಗಳಲ್ಲಿ ಜೀವಕೋಶಗಳು ಸಾಮಾನ್ಯವಾಗಿ ದೂರದೂರ ಇರುತ್ತವೆ; ಅಂಗಾಂಶದ ಗುಣವನ್ನು ನಿರ್ಧರಿಸುವುದು ನಡುವೆ ತುಂಬಿರುವ ವಸ್ತು. ರಕ್ತದಲ್ಲಿ ಅದು ದ್ರವ. ಮೂಳೆಯಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು, ಅವುಗಳ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್. ಲಿಗಮೆಂಟ್‌ನಲ್ಲಿ ಒತ್ತೊತ್ತಾಗಿ ಸಾಲುಗಟ್ಟಿದ ಕೊಲಾಜೆನ್ ಎಳೆಗಳು. ನಮ್ಮ ಮೈಯಲ್ಲಿರುವ ಪ್ರೋಟೀನ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಕೊಲಾಜೆನ್ನೇ.

ವಾಸಿಯಾಗುವ ವೇಗದ ವ್ಯತ್ಯಾಸಕ್ಕೆ ದೊಡ್ಡ ಕಾರಣ ರಕ್ತ. ಮೂಳೆಯೊಳಗೆ ರಕ್ತನಾಳಗಳು ಧಾರಾಳ, ಹಾಗಾಗಿ ಮುರಿದ ಜಾಗದಲ್ಲಿ ಮತ್ತೆ ಮೂಳೆಯೇ ಬೆಳೆಯುತ್ತದೆ. ಲಿಗಮೆಂಟ್‌ಗೆ ರಕ್ತದ ಪೂರೈಕೆ ಕಡಿಮೆ, ಅದು ಕೂಡುವುದು ಗಾಯದ ಕಲೆಯಂಥ ಅಂಗಾಂಶದಿಂದ. ಮೊದಲ ಕೆಲವು ದಿನ ಉರಿಯೂತ, ಆಮೇಲೆ ಸುಮಾರು ಆರು ವಾರ ಹೊಸ ಕೊಲಾಜೆನ್ ತಯಾರಿ. ಈ ಹೊಸ ಎಳೆಗಳು ಬೆಟಗೇರಿಯ ಮಗ್ಗದ ಹಾಸಿನಂತೆ ನೆಟ್ಟಗಿರದೆ ಸಿಕ್ಕುಸಿಕ್ಕಾಗಿರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲುಗೂಡಿ ಬಲಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಬೇಕು. ಹಾಗೆ ಸಾಲುಗೂಡಲು ಹದವಾದ ಚಲನೆಯೂ ಬೇಕು. ತಿಂಗಳುಗಟ್ಟಲೆ ಕಾಲು ಅಲುಗಿಸದೆ ಕೂತರೆ ಗಾಯ ದುರ್ಬಲವಾಗಿಯೇ ಉಳಿಯುತ್ತದೆ.

ನಮ್ಮ ಕಡೆ ಕಾಲು ಉಳುಕಿದ ಕೂಡಲೇ ಬಿಸಿ ಎಣ್ಣೆ ಹಚ್ಚಿ ನೀವಿಸುತ್ತಾರೆ, ಎಳೆಸುತ್ತಾರೆ. ಮೊದಲ ಮೂರು ದಿನ ಇದನ್ನು ದಯವಿಟ್ಟು ಮಾಡಬೇಡಿ. ಹರಿದ ಸಣ್ಣ ರಕ್ತನಾಳಗಳು ಮತ್ತೆ ಸೋರಿ ಬಾವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ, ಎರಡು-ಮೂರು ತಾಸಿಗೊಮ್ಮೆ ಇಡಿ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ ತಕ್ಷಣ ಸಡಿಲಿಸಿ. ಮಲಗಿದಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ. ಪೆಟ್ಟಾದಾಗ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಹರಡಿನ ಮೂಳೆಯ ಹಿಂಬದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕೇ ಬೇಕು.

ನಿಮ್ಮ ಕಾಲು ಮತ್ತೆ ಮತ್ತೆ ಹೊರಳುವುದಕ್ಕೆ ಇನ್ನೊಂದು ಕಾರಣವೂ ಇದ್ದೀತು. ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟ್‌ನೊಳಗೇ ಇರುತ್ತವೆ. ಅವಕ್ಕೂ ಪೆಟ್ಟಾಗಿರುತ್ತದೆ, ನೋವು ಹೋದ ಮೇಲೂ ಸಮತೋಲ ಮರಳಿರುವುದಿಲ್ಲ. ಇದನ್ನು ಮರಳಿ ಪಳಗಿಸಬೇಕು. ಗೋಡೆಯ ಪಕ್ಕ ಆ ಒಂದೇ ಕಾಲಿನ ಮೇಲೆ 30 ಸೆಕೆಂಡು, ದಿನಕ್ಕೆ ಮೂರು ಸಲ ನಿಲ್ಲಿ. ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು 10–15 ಸಲ. ಕೂತಾಗ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ದಿಂದ ಅಃ ವರೆಗೆ ಬರೆಯಿರಿ. ಚುಚ್ಚುವ ನೋವು ಬಂದರೆ ಅಂದಿಗೆ ನಿಲ್ಲಿಸಿ. ಹೊಲಕ್ಕೆ ಹೋಗುವಾಗ ಹಿಮ್ಮಡಿ ಬಿಗಿಯಾಗಿ ಹಿಡಿಯುವ ಬೂಟು ಇರಲಿ, ಚಪ್ಪಲಿ ಬೇಡ.

ಕೊಲಾಜೆನ್ ಕಟ್ಟಲು ಸಿ ಜೀವಸತ್ವ ಬೇಕೇ ಬೇಕು. ಅದಕ್ಕೆ ದುಬಾರಿ ಪುಡಿ ಕೊಳ್ಳಬೇಕಿಲ್ಲ. ನವಲೂರಿನ ಒಂದು ಪೇರಲ ಹಣ್ಣು ದಿನದ ಅಗತ್ಯಕ್ಕೆ ಸಾಕು. ಬೇಳೆ, ಮೊಟ್ಟೆ, ಹಾಲಿನಿಂದ ಪ್ರೋಟೀನೂ ಸಿಗಲಿ. ತಂಬಾಕು ಗಾಯ ಮಾಯುವುದನ್ನು ನಿಧಾನಿಸುತ್ತದೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಅಷ್ಟೇ.

ಆದರೆ ಮೂರು ತಿಂಗಳಾದರೂ ಬಾವು ಉಳಿದಿದೆ ಎಂದರೆ ಮನೆಯ ವ್ಯಾಯಾಮವನ್ನಷ್ಟೇ ನಂಬಿ ಕೂರಬೇಡಿ. ಲಿಗಮೆಂಟ್ ಪೂರ್ತಿ ಹರಿದಿರಬಹುದು, ಕೀಲಿನ ಮೃದ್ವಸ್ಥಿಗೂ ಪೆಟ್ಟಾಗಿರಬಹುದು. ಮೊದಲು ಮೂಳೆ ವೈದ್ಯರಿಗೆ ಮತ್ತೊಮ್ಮೆ ತೋರಿಸಿ. ಅವರು ಎರಡೂ ಕಾಲುಗಳ ಕೀಲನ್ನು ಹಿಡಿದು ಸಡಿಲವನ್ನು ಹೋಲಿಸಿ ನೋಡಿ, ಎಂಆರ್‌ಐ ಬೇಕೋ ಬೇಡವೋ ಹೇಳುತ್ತಾರೆ. ಮೊದಲ ದಿನದ ಎಕ್ಸ್‌ರೇ ಜೊತೆಗೆ ಒಯ್ಯಿರಿ.