ಹಳೆ ಸ್ಟ್ಯಾಂಪ್ ಕಿಮ್ಮತ್ತು: ಪೋಸ್ಟಿಗೆ ಎಷ್ಟು, ಆಲ್ಬಮ್ಮಿಗೆ ಎಷ್ಟು

ಪೋಸ್ಟಿನ ರೇಟು ಏರಿದಾಗೆಲ್ಲ ನನ್ನ ಹತ್ರ ಒಂದೇ ಪ್ರಶ್ನೆ ಬರ್ತದ, ಮನ್ಯಾಗ ಹಳೆ ಸ್ಟ್ಯಾಂಪ್ ಅದಾವ್ರಿ, ಇವು ಇನ್ನಾ ನಡೀತಾವೇನು, ಇವುಗಳ ಕಿಮ್ಮತ್ತು ಏರ್ಯದೋ ಹೋಗ್ಯದೋ ಅಂತ. 2025ರ ಅಕ್ಟೋಬರ್ 1ಕ್ಕ ಸ್ಪೀಡ್ ಪೋಸ್ಟ್ ರೇಟು ಬದಲಾಗಿ, 50 ಗ್ರಾಂ ಒಳಗಿನ ಪಾಕೀಟು ಪರ ಊರಿಗೆ ಕಳಸ್ಲಿಕ್ಕ 35 ರೂಪಾಯಿ ಇದ್ದದ್ದು 47 ಆಯ್ತಲ್ಲ, ಜಿಎಸ್‌ಟಿ ಮೊದಲಿನಂಗೇ ಬ್ಯಾರೆ, ಅವತ್ತಿಂದಂತೂ ಕೇಳೋರು ಹೆಚ್ಚಾಗ್ಯಾರ. ಮಗ ಸೊಸಿ ಅಮೆರಿಕಾದಾಗ ಇರೋ ಮನಿಯವರು ಇನ್ನೊಂದು ಸೇರಿಸ್ತಾರ, ‘ಅಲ್ಲಿ ರೇಟು ಎಷ್ಟೇ ಏರಿದ್ರೂ ಹಳೆ ಸ್ಟ್ಯಾಂಪೇ ನಡೀತದಂತಲ್ರಿ ಸರ, ತಗೊಂಡಿಟ್ರ ಲಾಭ ಆಗ್ತದೇನ್ರಿ?’ ನಾ ಕಲಬುರಗಿ, ಬೀದರ ಕಡಿ ಪೋಸ್ಟಾಫೀಸ್ ಕೌಂಟರಿನ್ಯಾಗ ಕೂತು ಕೆಲಸ ಮಾಡ್ದಾಂವ, ಈಗ ಮಂದಿ ತರೋ ಹಳೆ ಸ್ಟ್ಯಾಂಪು, ಪಾಕೀಟು ನೋಡಿ ಹೇಳ್ತೀನಿ, ಹಿಂಗಾಗಿ ಎರಡನ್ನೂ ಕೂಡಿಸೇ ಬರೀತೀನಿ.

ಮೊದಲ ಆ ಅಮೆರಿಕಾದ ಸ್ಟ್ಯಾಂಪಿನ ಮಾತು. ಕಿರಾಣಿ ದುಕಾನದಾಂವ ನಿಮಗ ಎರಡು ಚೀಟಿ ಬರದು ಕೊಟ್ಟಾನ ಅನ್ಕೋರಿ, ಒಂದರ ಮ್ಯಾಲ ‘ಐವತ್ತು ರೂಪಾಯಿ ಜ್ವಾಳ’, ಇನ್ನೊಂದರ ಮ್ಯಾಲ ‘ಒಂದು ಸೇರು ಜ್ವಾಳ’. ಜ್ವಾಳ ತುಟ್ಟಿ ಆದ್ರ ಮೊದಲನೇ ಚೀಟಿಗೆ ಬರೋ ಜ್ವಾಳ ಕಮ್ಮಿ ಆಗ್ತದ, ಎರಡನೇ ಚೀಟಿಗೆ ಸೇರು ಸೇರೇ ಬರ್ತದ. ನಮ್ಮ ಸ್ಟ್ಯಾಂಪ್ ಎಲ್ಲಾ ಮೊದಲನೇ ಥರದ್ದು, ಅದರ ಮ್ಯಾಲ ರೂಪಾಯಿ ಬರದಿರ್ತದ. ಅಮೆರಿಕಾದ ಫಾರೆವರ್, ಅಂದ್ರ ‘ಎಂದೆಂದಿಗೂ’, ಅನ್ನೋ ಸ್ಟ್ಯಾಂಪ್ ಎರಡನೇ ಥರದ್ದು, ರೊಕ್ಕದ ಅಂಕಿನೇ ಇರಂಗಿಲ್ಲ, ಒಂದು ಸಾದಾ ಲೆಟರ್ ಮುಟ್ಟಿಸ್ತೀವಿ ಅನ್ನೋ ಮಾತಷ್ಟೇ ಇರ್ತದ.

ಅದು ಹೊರಗ ಬಂದದ್ದು 2007ರ ಏಪ್ರಿಲ್‌ದಾಗ, ಲಿಬರ್ಟಿ ಬೆಲ್ ಅನ್ನೋ ಗಂಟಿ ಚಿತ್ರ ಹಾಕಿ, ಆವಾಗ ಬೆಲೆ 41 ಸೆಂಟ್. 2025ರ ಜುಲೈದಾಗ ಅದೇ ಲೆಟರಿನ ರೇಟು 78 ಸೆಂಟ್ ಆಯ್ತು, ಅವತ್ತು 41ಕ್ಕ ಕೊಂಡಿಟ್ಟಾಂವ ಇವತ್ತೂ ಅದನ್ನೇ ಹಚ್ಚಿ ಕಳಸ್ಬಹುದು, ಒಂದು ಸೆಂಟೂ ಸೇರಿಸೋದು ಬ್ಯಾಡ. ಇದನ್ನ ಯಾಕ ತಂದ್ರು ಅಂದ್ರ, ಅದಕ್ಕಿಂತ ಮೊದಲ ರೇಟು ಏರಿದಾಗೆಲ್ಲ ಮಂದಿ ಹಳೆ ಸ್ಟ್ಯಾಂಪಿನ ಬಾಜೂಕ ಹಚ್ಚಲಿಕ್ಕ ಒಂದು ಸೆಂಟು ಎರಡು ಸೆಂಟಿನ ಸ್ಟ್ಯಾಂಪಿಗೆ ಪಾಳಿ ಹಚ್ತಿದ್ರು, ಇಲಾಖೆಗೆ ಅವನ್ನ ಛಾಪಿಸಿ ಮಾರೋದೇ ಒಂದು ತಲಿಬ್ಯಾನಿ. ಹೊಸ ರೇಟು ಇನ್ನಾ ಗೊತ್ತಾಗದಿದ್ದಾಗ 1978ರಿಂದ ಎ, ಬಿ, ಸಿ ಅಂತ ಬರೇ ಅಕ್ಷರ ಹಾಕಿದ ಸ್ಟ್ಯಾಂಪೂ ಬಿಟ್ಟಿದ್ರು, ಆದ್ರ ಅವು ಫಾರೆವರ್ ಅಲ್ಲ, ಎ ಅಂದ್ರ ಇವತ್ತಿಗೂ 15 ಸೆಂಟ್ ಮಾತ್ರ, ಸಂಬಂಧಿಕರ ಆಲ್ಬಮ್ಮಿನ್ಯಾಗ ಅಂಥವು ಕಂಡ್ರ ಎರಡನ್ನೂ ಒಂದೇ ಅನ್ಕೋಬ್ಯಾಡ್ರಿ.

ಇಂಗ್ಲಂಡದಾಗ ಇದು ಇನ್ನೂ ಹಳೇದು. 1989ರ ಆಗಸ್ಟ್‌ದಾಗ ಅಂಕಿ ತಗದು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತ ಬರೆಯೋ ಸ್ಟ್ಯಾಂಪ್ ತಂದ್ರು, ಆವಾಗ ಫಸ್ಟ್ ಕ್ಲಾಸಿಗೆ 19 ಪೆನ್ಸ್, 2025ರ ಏಪ್ರಿಲ್ ಹೊತ್ತಿಗೆ 1 ಪೌಂಡ್ 70 ಪೆನ್ಸ್. ಲೆಕ್ಕ ಹಾಕಿದ್ರ ಕಣ್ಣು ತಿರುಗ್ತದ ಖರೆ, ಆದ್ರ ಇಲ್ಲೇ ಒಂದು ಪಾಠ ಅದ. ಅಲ್ಲಿ ಬಾರ್‌ಕೋಡ್ ಇರೋ ಸ್ಟ್ಯಾಂಪ್ ತಂದು, ಬಾರ್‌ಕೋಡ್ ಇಲ್ಲದ ದಿನಬಳಕೆ ಸ್ಟ್ಯಾಂಪ್ 2023ರ ಜನವರಿ 31ರ ಮ್ಯಾಲ ನಡ್ಯಂಗಿಲ್ಲ ಅಂದ್ರು, ಆಮ್ಯಾಲ ಜುಲೈ ತನಕ ಸಡಿಲ ಬಿಟ್ರು, ಹಳೇವು ಇದ್ದೋರು ಫಾರಂ ತುಂಬಿ ಕಳಿಸಿ ಬದಲಿ ತರಿಸ್ಕೊಬೇಕಾಯ್ತು. ರೊಕ್ಕ ಮುಳುಗ್ಲಿಲ್ಲ, ಆದ್ರ ಎಂದೆಂದಿಗೂ ಅನ್ನೋ ಮಾತಿಗೆ ಇಲಾಖೆ ಇಟ್ಟ ನಿಯಮ ಒಂದೇ ಆಧಾರ ಅನ್ನೋದು ಮಂದಿಗೆ ಗೊತ್ತಾಯ್ತು.

ಹಂಗಾದ್ರ ಲಾಭ? 41 ಸೆಂಟ್ 78 ಆಗ್ಲಿಕ್ಕ 18 ವರ್ಷ ಹಿಡೀತು, ವರ್ಷಕ್ಕ ಶೇಕಡಾ ಮೂರೂವರಿ ಆಸುಪಾಸು. ಅದೇ ಪೋಸ್ಟಾಫೀಸ್ ಕೌಂಟರಿನ್ಯಾಗ ನಮ್ಮಲ್ಲಿ ಎನ್ಎಸ್‌ಸಿಗೆ, ಅಂದ್ರ ರಾಷ್ಟ್ರೀಯ ಉಳಿತಾಯ ಪತ್ರಕ್ಕ, 2025ರಾಗ ಶೇಕಡಾ 7.7 ಸಿಕ್ಕದ. ಮತ್ತ ಸ್ಟ್ಯಾಂಪ್ ವಾಪಸ್ ಕೊಟ್ಟು ರೊಕ್ಕ ತಗೋಳೋ ಹಂಗಿಲ್ಲ, ಪೋಸ್ಟು ಒಮ್ಮೆ ಮಾರಿದ್ದನ್ನ ತಿರುಗಿ ಕೊಳ್ಳಂಗಿಲ್ಲ, ಹೊರಗ ಮಾರಲಿಕ್ಕ ಹೋದ್ರ ಇವತ್ತಿನ ರೇಟಿಗಿಂತ ಕಮ್ಮಿಗೇ ಕೇಳ್ತಾರ, ಇಲ್ಲಾಂದ್ರ ಅವರು ಸೀದಾ ಪೋಸ್ಟಿನ್ಯಾಗೇ ತಗೋತಾರಲ್ಲ. ರೇಟು ಏರೋದೇ ಅಂತನೂ ಇಲ್ಲ, 2016ರ ಏಪ್ರಿಲ್‌ದಾಗ ಅಮೆರಿಕಾದಾಗ 49 ಸೆಂಟಿನಿಂದ 47ಕ್ಕ ಇಳದಿತ್ತು, 49ಕ್ಕ ಕೊಂಡೋರ ಸ್ಟ್ಯಾಂಪು ಒಂದೇ ದಿನದಾಗ ಎರಡು ಸೆಂಟ್ ಕಳ್ಕೊಂಡ್ವು.

ಇಂಥಾ ಆಸೆ ಎಲ್ಲಿಗೆ ಹೋಗ್ತದ ಅನ್ನೋದಕ್ಕ ಪೋಸ್ಟಿನ ಚರಿತ್ರೆಯೊಳಗೇ ದೊಡ್ಡ ಉದಾಹರಣೆ ಅದ. ಅಂತರರಾಷ್ಟ್ರೀಯ ರಿಪ್ಲೈ ಕೂಪನ್ ಅಂತ ಒಂದಿತ್ತು, ಒಂದು ದೇಶದಾಗ ಕೊಂಡು ಇನ್ನೊಂದು ದೇಶದಾಗ ಕೊಟ್ರ ಅಲ್ಲಿಂದ ಉತ್ತರ ಬರೀಲಿಕ್ಕ ಆಗೋಷ್ಟು ಸ್ಟ್ಯಾಂಪ್ ಕೊಡ್ತಿದ್ರು, ದೇಶ ದೇಶಗಳ ಪೋಸ್ಟ್ ಇಲಾಖೆಗಳ 1906ರ ರೋಮ್ ಸಭೆಯೊಳಗ ಠರಾವ್ ಆದದ್ದು, ಅದೂ ಅಂಕಿ ನೋಡಂಗಿಲ್ಲ, ಸೇವೆ ನೋಡ್ತದ. ಮೊದಲನೇ ಮಹಾಯುದ್ಧ ಮುಗದು ಇಟಲಿಯ ರೊಕ್ಕ ಬಿದ್ದಾಗ ಅಲ್ಲಿ ಅಗ್ಗಕ್ಕ ಕೂಪನ್ ಕೊಂಡು ಅಮೆರಿಕಾದಾಗ ಹೆಚ್ಚಿನ ಬೆಲೆಯ ಸ್ಟ್ಯಾಂಪ್ ತಗೋಬಹುದು ಅಂತ ಚಾರ್ಲ್ಸ್ ಪೊಂಜಿ 1920ರಾಗ ಬೋಸ್ಟನ್ ಮಂದಿಗೆ ಹೇಳಿದ, 45 ದಿನಕ್ಕ ಶೇಕಡಾ 50 ಲಾಭ ಅಂದ. ಲೆಕ್ಕ ಕಾಗದದ ಮ್ಯಾಲ ಸರಿ ಇತ್ತು, ಆದ್ರ ಅವ ತಗೊಂಡ ರೊಕ್ಕಕ್ಕ ಬೇಕಾಗೋಷ್ಟು ಕೂಪನ್ ಲೋಕದಾಗೇ ಇರಲಿಲ್ಲ, ಹೊಸಬರ ರೊಕ್ಕ ಹಳಬರಿಗೆ ಕೊಡ್ತಾ ಹೋಗಿ ಕೊನಿಗೆ ಎಲ್ಲಾ ಕುಸೀತು. ನಮ್ಮ ಜಿಲ್ಲೆಗಳೊಳಗ ಹಿಂಗ ರೊಕ್ಕ ಕಳ್ಕೊಂಡ ಮನಿ ಕಮ್ಮಿ ಇಲ್ಲ, ಅದಕ್ಕೇ ಇದನ್ನ ಇಷ್ಟು ಬಿಡಿಸಿ ಬರದೆ. ಸ್ಟ್ಯಾಂಪ್ ಕೊಂಡಿಡೋದು ಖರ್ಚು ಉಳಿಸ್ಲಿಕ್ಕ ಸರಿ, ಗಳಿಕೆ ಅನ್ಕೊಂಡು ಕೊಳ್ಳಬ್ಯಾಡ್ರಿ.

ಈಗ ನಮ್ಮ ಮನಿ ಸ್ಟ್ಯಾಂಪಿಗೆ ಬರೋಣ. ನಮ್ಮಲ್ಲಿ ಅಂಕಿ ಇರೋ ಸ್ಟ್ಯಾಂಪೇ ಇದ್ರೂ ಒಂದು ವಿಚಿತ್ರ ಆಗ್ಯದ, 20 ಗ್ರಾಂ ಸಾದಾ ಲೆಟರಿಗೆ 5 ರೂಪಾಯಿ ಅನ್ನೋದು 2000ದ ದಶಕದ ಮೊದಲಿಗೆ ಕೂತದ್ದು ಎರಡು ದಶಕದ ಮ್ಯಾಲೂ ಅಲ್ಲೇ ಕೂತಿತ್ತು, ಪೋಸ್ಟ್ ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡ್ ಲೆಟರಿಗೆ ಎರಡೂವರಿ. ರೂಪಾಯಿ ಸವದು ಹೋದ್ರೂ 5 ರೂಪಾಯಿ ಸ್ಟ್ಯಾಂಪು ಒಂದು ಲೆಟರ್ ಮುಟ್ಟಿಸ್ತನೇ ಬಂತು.

ಪೈಸೆ ಸ್ಟ್ಯಾಂಪನ್ನ ಮಂದಿ ಕಸಕ್ಕ ಹಾಕೋದು ನೋಡಿದ್ರ ಸಂಕಟ ಆಗ್ತದ. 25 ಪೈಸೆ ನಾಣ್ಯ 2011ರ ಜೂನ್ 30ಕ್ಕ ಬಂದ್ ಆಯ್ತು, ಅದಕ್ಕ 25 ಪೈಸೆ ಸ್ಟ್ಯಾಂಪೂ ಹೋಯ್ತು ಅಂತ ತಿಳ್ಕೊಂಡಾರ. ಹಂಗಿಲ್ರಿ, ಹಚ್ಚದ, ಸಿಕ್ಕ (ಪೋಸ್ಟಿನ ಮುದ್ರಿ) ಬೀಳದ ಸ್ಟ್ಯಾಂಪು ತನ್ನ ಪೈಸೆ ಲೆಕ್ಕಕ್ಕ ಇನ್ನಾ ನಡೀತದ, ನಾಕು ಕೂಡಿದ್ರ ಒಂದು ರೂಪಾಯಿ. 50 ಪೈಸೆದು ಹತ್ತು ಹಚ್ಚಿದ್ರ ಒಂದು ಲೆಟರ್ ಹೋಗ್ತದ. ಒಂದರ ಮ್ಯಾಲ ಒಂದು ಏರಿಸಿ ಹಚ್ಚಬ್ಯಾಡ್ರಿ, ಪ್ರತಿಯೊಂದರ ಅಂಕಿ ಪೂರಾ ಕಾಣಬೇಕು, ವಿಳಾಸಕ್ಕ ಜಾಗ ಬಿಟ್ಟು ದೊಡ್ಡ ಪಾಕೀಟು ತಗೋರಿ, ಡಬ್ಬಿಯೊಳಗ ಒಗೆಯೋದಕ್ಕಿಂತ ಕೌಂಟರಿಗೆ ಕೊಟ್ಟು ಕೈ ಸಿಕ್ಕ ಹೊಡಿಸಿದ್ರ ಚೊಲೊ. ಸ್ಪೀಡ್ ಪೋಸ್ಟಿಗೆ ಹಚ್ಚೋದಾದ್ರ ಮೊದಲ ಕೌಂಟರಿನ್ಯಾಗ ಕೇಳಿ ಹಚ್ರಿ. ಆಣೆ ಲೆಕ್ಕದ ಸ್ಟ್ಯಾಂಪು ಮಾತ್ರ ಪೋಸ್ಟಿಗೆ ತರಬ್ಯಾಡ್ರಿ, 1957ರ ಏಪ್ರಿಲ್ 1ಕ್ಕ ನಯಾ ಪೈಸೆ ಬಂದು ಅದರ ಕಾಲ ಮುಗೀತು, ಅದು ಆಲ್ಬಮ್ಮಿನ ಸ್ಟ್ಯಾಂಪು. ಸಿಕ್ಕ ಬಿದ್ದ ಸ್ಟ್ಯಾಂಪ್ ತೊಳದು ತಿರುಗಿ ಹಚ್ಚೋದಂತೂ ಅಪರಾಧ, ಮಕ್ಕಳಿಗೂ ಹೇಳ್ರಿ.

ಆಲ್ಬಮ್ಮಿನ ಕಿಮ್ಮತ್ತಿಗೆ ಪೋಸ್ಟಿನ ರೇಟಿನ ಸಂಬಂಧನೇ ಇಲ್ಲ, ಅದು ಎಷ್ಟು ಉಳದಾವ, ಯಾವ ಸ್ಥಿತಿಯೊಳಗ ಉಳದಾವ, ಯಾರು ಹುಡುಕ್ತಾರ ಅನ್ನೋದರ ಮ್ಯಾಲ ನಿಂತದ. 80ರ ದಶಕದ ಈಚಿನ ಸ್ಮಾರಕ ಸ್ಟ್ಯಾಂಪು ಹಾಳಿಗಟ್ಟಲೆ ಕೊಂಡಿಟ್ಟೋರು ಭಾಳ ಮಂದಿ ಬರ್ತಾರ, ಅವು ಲಕ್ಷಗಟ್ಟಲೆ ಛಾಪಿಸಿದವು, ಡೀಲರು ಮ್ಯಾಲ ಬರದ ಬೆಲೆಗಿಂತ ಕಮ್ಮಿಗೇ ಕೇಳ್ತಾರ, ಅಂಥವನ್ನ ಪತ್ರಕ್ಕ ಹಚ್ಚಿ ಖರ್ಚು ಮಾಡೋದೇ ಶಹಾಣತನ. ಫೋಟೋ ಹಾಕಿ ಕೊಡೋ ಮೈ ಸ್ಟ್ಯಾಂಪೂ ಹಂಗೇ, 2011ರಾಗ ಶುರು ಆದದ್ದು, 300 ರೂಪಾಯಿಗೆ 12, ಒಂದೊಂದರ ಮ್ಯಾಲ 5 ರೂಪಾಯಿ, ಅಂದ್ರ ಪೋಸ್ಟಿಗೆ ಬರೋದು 60ರ ಕೆಲಸ. ಮದುವಿ ನೆನಪಿಗೆ ಮಾಡಸ್ರಿ, ಖುಷಿ ಆಗ್ತದ, ಮುಂದ ಬೆಲೆ ಬರ್ತದಂತ ಮಾಡಿಸಬ್ಯಾಡ್ರಿ.

ನಮ್ಮ ಭಾಗದಾಗ ಖರೆ ಹುಡುಕೋ ಹಂಥಾದ್ದು ನಿಜಾಮರ ಕಾಲದ ಪತ್ರ. ಹೈದರಾಬಾದ್ ಸಂಸ್ಥಾನಕ್ಕ ತನ್ನದೇ ಟಪಾಲು ಇತ್ತು, 1869ರಿಂದ ತನ್ನದೇ ಸ್ಟ್ಯಾಂಪ್, ಕಲಬುರಗಿ, ಬೀದರ, ಯಾದಗಿರಿ ಎಲ್ಲಾ ಅದರೊಳಗೇ, 1950ಕ್ಕ ಆ ಸ್ಟ್ಯಾಂಪ್ ನಿಂತ್ವು. 1931ರ ಮಾಲಿಕೆಯೊಳಗ ಚಾರ್‌ಮಿನಾರ್, ಅಜಂತಾ, ದೌಲತಾಬಾದಿನ ಗೋಪುರದ ಜೊತಿಗೆ 12 ಆಣೆದೊಂದು ಕೆಂಪು ಸ್ಟ್ಯಾಂಪ್ ಅದ, ಅದರ ಮ್ಯಾಲ ಬೀದರ ಕಾಲೇಜು, ಅಂದ್ರ ನಮ್ಮ ಮಹಮೂದ್ ಗವಾನನ ಮದರಸಾ. ದಿನಾ ಅದರ ಮುಂದ ಹಾದು ಹೋಗೋ ಬೀದರದ ಮಂದಿಗೆ ಇದನ್ನ ಭೂತಗನ್ನಡಿ ಹಿಡದು ತೋರಿಸಿದ್ರ ಮುಖದಾಗ ಬರೋ ಬೆಳಕು ನೋಡಬೇಕ್ರಿ. ಬಿಡಿ ಸ್ಟ್ಯಾಂಪಾಗಿ ಅದು ತುಟ್ಟಿ ಏನಲ್ಲ. ಆದ್ರ ಹೈದರಾಬಾದ್ ಸ್ಟ್ಯಾಂಪ್ ಹಚ್ಚಿ ನಮ್ಮ ಸಣ್ಣ ಊರಿನ ಸಿಕ್ಕ ಸ್ಪಷ್ಟ ಬಿದ್ದ ಪೂರಾ ಪಾಕೀಟು ಇದ್ರ ಅದರ ಮಾತೇ ಬ್ಯಾರೆ, ಯಾವ ಊರಿಂದ ಯಾವ ದಿನ ಎಲ್ಲಿಗೆ ಹೋಯ್ತು ಅನ್ನೋದೆಲ್ಲ ಅದರೊಳಗೇ ಇರ್ತದ. ಅದಕ್ಕ ಕೈ ಮುಗದು ಕೇಳ್ಕೋತೀನಿ, ಅಜ್ಜನ ಟ್ರಂಕಿನ್ಯಾಗ ಪತ್ರದ ಕಟ್ಟು ಸಿಕ್ರ ಸ್ಟ್ಯಾಂಪ್ ಕತ್ತರಿಸಿ ತೆಗೀಬ್ಯಾಡ್ರಿ, ನೀರಾಗ ನೆನಸಬ್ಯಾಡ್ರಿ, ಪಾಕೀಟು ಪಾಕೀಟಾಗೇ ಇರಲಿ.

1971ರಿಂದ 73ರ ನಡುವಿನ ಪತ್ರ ಇದ್ರ ಇನ್ನೊಮ್ಮೆ ನೋಡ್ರಿ. ಬಾಂಗ್ಲಾ ನಿರಾಶ್ರಿತರ ಸಲುವಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನಿ ತನಕ ಪತ್ರಗಳಿಗೆ 5 ಪೈಸೆ ಹೆಚ್ಚಿಗೆ ಹಚ್ಚಬೇಕಿತ್ತು, ಶುರುವಿನ್ಯಾಗ ಹೊಸ ಸ್ಟ್ಯಾಂಪ್ ಛಾಪಿಸಿ ಬರೋ ತನಕ ಕೆಲವು ಊರಾಗ ಇದ್ದ 5 ಪೈಸೆ ಸ್ಟ್ಯಾಂಪಿನ ಮ್ಯಾಲೇ ರೆಫ್ಯೂಜಿ ರಿಲೀಫ್ ಅಂತ ಸಿಕ್ಕ ಒತ್ತಿದ್ರು. ಅಂಥಾ ಸ್ಥಳೀಯ ಸಿಕ್ಕಕ್ಕ ಬೇಡಿಕೆ ಅದ, ನಕಲಿನೂ ಭಾಳ ಅವ, ಅದಕ್ಕೇ ತಾರೀಖಿನ ಸಿಕ್ಕ ಸಮೇತ ಪೂರಾ ಪತ್ರ ಇದ್ರ ಮಾತ್ರ ನಂಬಿಕಿ ಹುಟ್ತದ. 1948ರ ಗಾಂಧೀಜಿಯವರ 10 ರೂಪಾಯಿ ಸ್ಟ್ಯಾಂಪಿಗೂ ಇದೇ ಮಾತು, ಹಿಂದಿನ ಅಂಟು ಕೆಡದೇ ಉಳದಿದ್ರ ಬೆಲೆ ಅದ, ಆದ್ರ ನನ್ನ ಹತ್ರ ಬರೋದರೊಳಗ ಕಲರ್ ಪ್ರಿಂಟೇ ಹೆಚ್ಚು.

ಇಡೋದರ ಬಗ್ಗೆ ಎರಡೇ ಮಾತು. ನಮ್ಮ ಬ್ಯಾಸಗಿಗೆ ಕಾಗದ ಸೆಟೀತದ, ಮಳಿಗಾಲದಾಗ ಥಂಡಿ ಹಿಡದು ಅಂಟು ಒಂದಕ್ಕೊಂದು ಹತ್ತತದ, ಅದಕ್ಕ ಒತ್ತಿ ಇಡದೆ ಸ್ಟಾಕ್ ಬುಕ್ಕಿನ್ಯಾಗ ನೆಟ್ಟಗ ನಿಲ್ಲಿಸಿಡ್ರಿ, ಹೊರಗೋಡಿ ಬಾಜೂಕ ಬ್ಯಾಡ. ಲ್ಯಾಮಿನೇಷನ್ ಮಾಡಿಸಿದ್ರೋ, ಫೆವಿಕಾಲ್ ಇಲ್ಲಾ ಸೆಲೋಟೇಪ್ ಹಚ್ಚಿದ್ರೋ, ಕಿಮ್ಮತ್ತು ಅಲ್ಲಿಗೇ ಮುಗೀತು.

ಇನ್ನ ನನ್ನ ಆಗ್ರಹ ಒಂದದ. ನಮ್ಮ ಇಲಾಖೆನೂ ಅಂಕಿ ಇಲ್ಲದ ಒಂದು ಸ್ಟ್ಯಾಂಪ್ ತರಬೇಕು, ‘20 ಗ್ರಾಂ ಪತ್ರ, ದೇಶದಾಗ ಎಲ್ಲಿಗಾದ್ರೂ’ ಅಂತ ಬರದು. ಸಿಟಿಯವರಿಗೆ ಇದು ಸಣ್ಣ ಮಾತು ಅನಸ್ಬಹುದು, ಆದ್ರ ಸುರಪುರದ ಹಳ್ಳಿ ಹುಡುಗಿ ಮಾರ್ಕ್ಸ್ ಕಾರ್ಡಿಗೋ ಕೆಲಸದ ಅರ್ಜಿಗೋ ತನ್ನ ವಿಳಾಸ ಬರದು ಸ್ಟ್ಯಾಂಪ್ ಹಚ್ಚಿದ ಪಾಕೀಟು ಇಟ್ಟು ಕಳಸ್ತಾಳ, ಉತ್ತರ ಬರ್ಲಿಕ್ಕ ತಿಂಗಳಗಟ್ಟಲೆ ಹಿಡೀತದ, ನಡುವ ರೇಟು ಏರಿದ್ರ ಆ ಪಾಕೀಟು ಬೇರಿಂಗ್ ಆಗ್ತದ, ಕಮ್ಮಿ ಬಿದ್ದಷ್ಟರ ಎರಡು ಪಟ್ಟು ಆಕಿನೇ ಕಟ್ಟಬೇಕು, ಮನ್ಯಾಗ ಯಾರೂ ಇರದೆ ಹೋದ್ರ ಪತ್ರ ವಾಪಸ್. ಇಷ್ಟು ವರ್ಷ ಏರದ ರೇಟು ಏರಿದಾಗ ಸಣ್ಣಗ ಏರಂಗಿಲ್ಲ ಅನ್ನೋ ಅಂಜಿಕಿ ನನಗದ. ಲಾಭಕ್ಕ ಗುಡ್ಡೆ ಹಾಕ್ತಾರ ಅನ್ನೋ ಚಿಂತಿ ಇಲಾಖೆಗೆ ಇದ್ರ ಒಬ್ಬೊಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿ ಕೊಡಲಿ. ಅದು ಬರೋ ತನಕ ಉತ್ತರದ ಪಾಕೀಟಿಗೆ 5 ರೂಪಾಯಿ ಬಾಜೂಕ ಮನ್ಯಾಗಿನ ಹಳೆ ಪೈಸೆ ಸ್ಟ್ಯಾಂಪು ಎರಡು ಮೂರು ರೂಪಾಯಿದಷ್ಟು ಹೆಚ್ಚಿಗೆ ಹಚ್ಚೇ ಕಳಸ್ರಿ.