ಮದುವೆಯಾದ ಮಗಳಿಗೆ ಅನುಕಂಪದ ನೌಕರಿ ಸಿಗುತ್ತದೆಯೇ?

ಪ್ರಶ್ನೆ: ರಾಜ್ಯ ಸರ್ಕಾರಿ ನೌಕರರಾಗಿದ್ದ ನಮ್ಮ ತಂದೆ ಸೇವೆಯಲ್ಲಿರುವಾಗಲೇ ತೀರಿಕೊಂಡರು. ನನಗೆ ಮದುವೆಯಾಗಿದೆ ಎಂದು ಕಚೇರಿಯಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ. ಇದು ಸರಿಯೇ?

ಉತ್ತರ: ಸರಿಯಲ್ಲ. ಮದುವೆಯೊಂದನ್ನೇ ನೆಪ ಮಾಡಿ ಅರ್ಜಿ ತಳ್ಳುವಂತಿಲ್ಲ. ಹಾಗೆಂದು ನೌಕರಿ ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ.

ಅನುಕಂಪದ ನೇಮಕಾತಿಯ 1996ರ ಕರ್ನಾಟಕ ನಿಯಮಗಳು ಅವಲಂಬಿತರನ್ನು ಪಟ್ಟಿ ಮಾಡುವಾಗ ಮಗನನ್ನು ಬರೀ ‘ಮಗ’ ಎಂದವು, ಮಗಳ ಹಿಂದೆ ‘ಅವಿವಾಹಿತ’ ಎಂಬ ಪದ ಅಂಟಿಸಿದವು. ಮದುವೆಯಾದ ಮಗ ಪಟ್ಟಿಯಲ್ಲೇ ಉಳಿದ. ಮಗಳು ತಾಳಿ ಕಟ್ಟಿಸಿಕೊಂಡ ದಿನವೇ ಹೊರಗೆ. ಬೆಳಗಾವಿ ಜಿಲ್ಲೆಯ ಎಪಿಎಂಸಿ ನೌಕರರೊಬ್ಬರ ಮಗಳು ಇದನ್ನು ಪ್ರಶ್ನಿಸಿದಾಗ, 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ಪದ ಸಂವಿಧಾನದ 14 ಮತ್ತು 15ನೇ ವಿಧಿಗಳಿಗೆ ವಿರುದ್ಧವೆಂದು ಹೊಡೆದುಹಾಕಿತು.

ಹೆಚ್ಚಿನವರು ಎಡವುವುದು ಅವಲಂಬನೆಯ ವಿಷಯದಲ್ಲಿ. ಅನುಕಂಪದ ನೌಕರಿ ಅಪ್ಪನ ಆಸ್ತಿಯಂತೆ ಪಾಲಿಗೆ ಬರುವಂಥದ್ದಲ್ಲ. ಸರ್ಕಾರಿ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶ ಎನ್ನುವ 16ನೇ ವಿಧಿಗೇ ಇದೊಂದು ವಿನಾಯಿತಿ. ದಿಢೀರನೆ ದುಡಿಯುವ ಕೈ ಇಲ್ಲವಾದ ಮನೆಗೆ ಆಸರೆಯಾಗಲೆಂದು ಕೊಟ್ಟದ್ದು. ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ತಾಯಿ 2012ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಮಗಳು ಅದಾದ ಮೇಲೆ ವಿಚ್ಛೇದನಕ್ಕೆ ಅರ್ಜಿ ಹಾಕಿ, 2013ರಲ್ಲಿ ವಿಚ್ಛೇದನದ ಡಿಕ್ರಿ (ಕೋರ್ಟಿನ ತೀರ್ಪು) ಪಡೆದು ನೌಕರಿ ಕೇಳಿದರು. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ತಾಯಿ ತೀರಿಕೊಂಡ ದಿನ ಆಕೆ ಅವಲಂಬಿತೆಯಾಗಿರಲಿಲ್ಲ.

ಆದ್ದರಿಂದ ತಂದೆ ತೀರಿಕೊಂಡ ದಿನ ನೀವು ಯಾರ ದುಡಿಮೆಯ ಮೇಲೆ, ಯಾರ ಮನೆಯಲ್ಲಿ ಇದ್ದಿರಿ ಎನ್ನುವುದಕ್ಕೆ ದಾಖಲೆ ಹೊಂದಿಸಿ. ಪಡಿತರ ಚೀಟಿಯಲ್ಲಿ ಹೆಸರು ಗಂಡನ ಮನೆಯಲ್ಲಿದ್ದರೆ ಆ ಪ್ರಶ್ನೆ ಬಂದೇ ಬರುತ್ತದೆ; ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ತಾಯಿ, ಒಡಹುಟ್ಟಿದವರ ಒಪ್ಪಿಗೆ ಪತ್ರವೂ ಜೊತೆಗಿರಲಿ.

ಸಾವಿನ ದಿನದಿಂದ 1 ವರ್ಷದೊಳಗೆ ಅರ್ಜಿ ಕಚೇರಿಗೆ ಸೇರಬೇಕು. ಕೌಂಟರಿನಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಜೋಪಾನ ಮಾಡಿ. ‘ಆಗಲ್ಲಮ್ಮ’ ಎಂಬ ಬಾಯಿಮಾತನ್ನು ಹಿಡಿದುಕೊಂಡು ಯಾವ ಕೋರ್ಟಿಗೂ ಹೋಗಲಾಗದು. ಲಿಖಿತ ಹಿಂಬರಹ, ಅಂದರೆ ಅರ್ಜಿಯ ಮೇಲೆ ಕಚೇರಿ ಬರೆದುಕೊಡುವ ಆದೇಶ, ಕೇಳಿ ಪಡೆಯಿರಿ.

ಹಿಂಬರಹ ಬಂದ ಮೇಲೆ ಹಲವರು ನೇರ ಹೈಕೋರ್ಟಿಗೆ ಓಡುತ್ತಾರೆ. ರಾಜ್ಯ ಸರ್ಕಾರಿ ಸೇವೆಯ ವಿಷಯವಾದರೆ ಮೊದಲು ಹೋಗಬೇಕಾದದ್ದು ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ಅದಕ್ಕೂ ಆದೇಶದ ದಿನದಿಂದ 1 ವರ್ಷದ ಗಡುವು. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಅಲ್ಲಿ ಸೋತರೆ ಹೈಕೋರ್ಟ್.